ಎತ್ತಿಡದ ಮಗುವೋ, ಎತ್ತಿಡಲಾಗದ ಕಪಾಟೋ?

ಪ್ರಶ್ನೆ: ನನಗಿಬ್ಬರು ಮಕ್ಕಳು. ಮಗನಿಗೆ 5 ವರ್ಷ, ಮಗಳಿಗೆ ಒಂದೂವರೆ. ಚಿಕ್ಕ ಮನೆ, ಆಟವೆಲ್ಲ ಹಾಲ್‌ನಲ್ಲೇ. ಸಂಜೆಯಾಗುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲು ಮುಚ್ಚಳವಿರುವ ಒಂದು ದೊಡ್ಡ ಪೆಟ್ಟಿಗೆ ತಂದೆ. ಎಲ್ಲವೂ ಅದರೊಳಗೆ ಹೋಯಿತು, ಆದರೆ ಒಂದು ಕಾರು ಬೇಕೆಂದರೂ ಇಡೀ ಪೆಟ್ಟಿಗೆಯನ್ನು ಬೋರಲು ಹಾಕುತ್ತಿದ್ದರು. ಆಮೇಲೆ ಇಂಟರ್ನೆಟ್‌ನಲ್ಲಿ ನೋಡಿ 14 ಡಬ್ಬ ತಂದು ಕಾರು, ಪ್ರಾಣಿ, ಲೆಗೊ, ಗೊಂಬೆಯ ಬಟ್ಟೆ ಅಂತ ಒಂದೊಂದಕ್ಕೂ ಚೀಟಿ ಅಂಟಿಸಿದೆ. ಒಂದು ವಾರ ನಡೆಯಿತು. ಈಗ ಮೇಲಿನ ಚೀಟಿ ಒಂದು, ಒಳಗಿರುವುದು ಇನ್ನೊಂದು. 'ಎತ್ತಿಡು' ಅಂದರೆ ಮಗ ಕಿವಿಗೆ ಬೀಳದವನಂತೆ ಇರುತ್ತಾನೆ, ಇಲ್ಲವೇ ಎರಡು ಸಾಮಾನು ಎತ್ತಿಟ್ಟು ಮೂರನೆಯದರ ಜತೆ ಆಡಲು ಕೂರುತ್ತಾನೆ. ವಿಚಿತ್ರವೆಂದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಅಚ್ಚುಕಟ್ಟಾಗಿ ಎತ್ತಿಡುತ್ತಾನಂತೆ, ಟೀಚರ್ ಹೇಳುತ್ತಾರೆ. ಕಳೆದ ತಿಂಗಳು ಬೇಸತ್ತು, ಅವನು ಶಾಲೆಗೆ ಹೋಗಿದ್ದಾಗ ಅರ್ಧದಷ್ಟು ಆಟಿಕೆಗಳನ್ನು ಪರಿಚಯದವರಿಗೆ ಕೊಟ್ಟುಬಿಟ್ಟೆ. ಅದರಲ್ಲಿ ಚಕ್ರ ಕಿತ್ತುಹೋದ ಒಂದು ಹಳದಿ ಲಾರಿಯೂ ಇತ್ತು. ಅದೊಂದಕ್ಕಾಗಿ ಮೂರು ರಾತ್ರಿ ಅತ್ತ. 'ಎಲ್ಲೋ ಕಳೆದುಹೋಗಿರಬೇಕು' ಅಂದೆ. ಈಗ ಸಿಕ್ಕಿದ್ದನ್ನೆಲ್ಲ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಾನೆ. ನನ್ನ ಗಂಡ 'ಇನ್ನೂ ಅರ್ಧ ತೆಗೆದುಹಾಕು' ಅನ್ನುತ್ತಾರೆ. ಅತ್ತೆ 'ಮಕ್ಕಳಿರುವ ಮನೆ ಹೀಗೇ, ಸುಮ್ಮನಿರು' ಅನ್ನುತ್ತಾರೆ. ಶಿಸ್ತು ಕಲಿಸುವುದರಲ್ಲಿ ನಾನು ಸೋತೆನೆ? ಅವನಿಗೆ ಗಮನದ ತೊಂದರೆ ಏನಾದರೂ ಇರಬಹುದೆ? ಎಷ್ಟು ಆಟಿಕೆ ಇದ್ದರೆ ಸರಿ? ಎತ್ತಿಟ್ಟರೆ ಸ್ಟಿಕ್ಕರ್ ಕೊಡುವುದು ಒಳ್ಳೆಯದೆ?

ಉತ್ತರ: ಟೀಚರ್ ಹೇಳಿದ ಮಾತಿನಿಂದ ಶುರುಮಾಡೋಣ. ನೀವು ಅದನ್ನು ವಿಚಿತ್ರ ಅಂದಿದ್ದೀರಿ. ನನಗೆ ಅದು ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ನೆಮ್ಮದಿ ಕೊಟ್ಟ ಸಾಲು. ಹುಡುಗ ಅವನೇ, ಕೈಯೂ ಅದೇ. ಬೆಳಿಗ್ಗೆ ಒಂದು ಕಡೆ ಎತ್ತಿಡುವವನು ಸಂಜೆ ಇನ್ನೊಂದು ಕಡೆ ಎತ್ತಿಡುವುದಿಲ್ಲ ಎಂದರೆ, ಎರಡು ಜಾಗಗಳ ನಡುವೆ ಏನು ವ್ಯತ್ಯಾಸ ಅಂತ ಹುಡುಕಬೇಕು. ಮಕ್ಕಳ ಆಕ್ಯುಪೇಷನಲ್ ಥೆರಪಿ ನನ್ನ ವೃತ್ತಿ. ಮನೆಗೆ ಹೋಗಿ, ನೆಲದ ಮೇಲೆ ಕೂತು, ಮಗು ತನ್ನ ದಿನದ ಕೆಲಸಗಳನ್ನು ಹೇಗೆ ಮಾಡುತ್ತದೆ ಅಂತ ನೋಡುವುದು ಅದರಲ್ಲೊಂದು ಭಾಗ. 'ನಮ್ಮ ಮಗು ಏನನ್ನೂ ಎತ್ತಿಡುವುದಿಲ್ಲ' ಎಂದು ಕರೆದ ಮನೆಗಳಲ್ಲಿ ನಾನು ಮಗುವಿಗಿಂತ ಮೊದಲು ಕಪಾಟನ್ನು ನೋಡುತ್ತೇನೆ.

ಗಮನದ ತೊಂದರೆಯ ಭಯವನ್ನು ಮೊದಲೇ ಪಕ್ಕಕ್ಕಿಡೋಣ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಎಂದು ಹೇಳಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳಿನಿಂದ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ಕಾಣಿಸಬೇಕು. ಒಂದು ಕಡೆ ಮಾತ್ರ, ಅದೂ ಒಂದೇ ಕೆಲಸದಲ್ಲಿ ಕಾಣಿಸಿಕೊಳ್ಳುವ ಸೋಮಾರಿತನಕ್ಕೆ ಆ ಹೆಸರು ಕೊಡುವಂತಿಲ್ಲ. ತನಗೆ ಇಷ್ಟವಾದ ಆಟವನ್ನೂ ಮುಗಿಸುವುದಿಲ್ಲ, ಕಥೆ ಹೇಳಿದರೂ ಕೂರುವುದಿಲ್ಲ, ತನ್ನ ಸರದಿಗೆ ಕಾಯಲಾರ ಎಂದು ಟೀಚರ್ ಕೂಡ ಹೇಳತೊಡಗಿದರೆ ಆಗ ಮಕ್ಕಳ ವೈದ್ಯರಿಗೆ ತೋರಿಸಿ. ಈಗ ಬೇಡ.

ಎತ್ತಿಡು ಎಂದಾಗ ಮಗುವಿಗೆ ಏನಾಗುತ್ತದೆ ಎಂಬುದಕ್ಕೆ, ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲೂ ಸಾಲು ಡಬ್ಬಗಳು, ಸಾಲು ಚೀಟಿಗಳು. ನಾಲ್ಕೂವರೆ ವರ್ಷದ ಹುಡುಗಿ. ಅಮ್ಮ 'ಎಲ್ಲಾ ಎತ್ತಿಡಮ್ಮಾ' ಅಂದರು, ಅವಳು ತಕರಾರಿಲ್ಲದೆ ಎದ್ದಳು. ಕೈಗೆ ಮೊದಲು ಸಿಕ್ಕಿದ್ದು ಚಕ್ರವಿರುವ ಒಂದು ಡೈನೋಸಾರ್. ಅದನ್ನು ಹಿಡಿದು ಪ್ರಾಣಿಗಳ ಡಬ್ಬದ ಮುಂದೆ ನಿಂತಳು. ಚಕ್ರ ನೋಡಿದಳು. ಗಾಡಿಗಳ ಡಬ್ಬದ ಮುಂದೆ ಹೋದಳು. ಅದು ಎಲ್ಲಕ್ಕಿಂತ ಕೆಳಗಿತ್ತು, ಮೇಲೆ ಇನ್ನೆರಡು ಡಬ್ಬ. ಎರಡನ್ನೂ ಇಳಿಸಿದಳು. ಮುಚ್ಚಳಕ್ಕೆ ಎರಡು ಕ್ಲಿಪ್. ಒಂದು ಬಿಚ್ಚಿತು, ಇನ್ನೊಂದು ಬಿಚ್ಚಲಿಲ್ಲ. ಸುಸ್ತಾಗಿ ಡೈನೋಸಾರನ್ನು ನೆಲಕ್ಕಿಟ್ಟಳು, ಅದು ಉರುಳಿತು, ಉರುಳಿದ್ದು ಕಂಡು ಇನ್ನೊಮ್ಮೆ ತಳ್ಳಿದಳು. ಎರಡು ನಿಮಿಷದಲ್ಲಿ ಡೈನೋಸಾರ್ ಸೋಫಾದ ಕೆಳಗೆ, ಹುಡುಗಿ ಅದರ ಮುಂದೆ ಬೋರಲು. 'ನೋಡಿದಿರಾ? ಒಂದೇ ಒಂದು ಸಾಮಾನು ಎತ್ತಿಡೋಕಾಗಲ್ಲ ಇವಳಿಗೆ' ಅಂದರು ಅಮ್ಮ.

ಆ ಎರಡು ನಿಮಿಷದಲ್ಲಿ ಆ ಮಗು ಮಾಡಿದ ಕೆಲಸವನ್ನು ಲೆಕ್ಕ ಹಾಕಿ. ಯಾವುದರಿಂದ ಶುರುಮಾಡಬೇಕು ಎಂಬುದನ್ನು ತಾನೇ ಆರಿಸಿಕೊಂಡಿತು. ಇದು ಪ್ರಾಣಿಯೋ ಗಾಡಿಯೋ ಎಂಬ, ದೊಡ್ಡವರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಿಡಿಸಲು ನೋಡಿತು. ಭಾರ ಇಳಿಸಿತು, ಬೆರಳಿನ ಬಲ ಸಾಲದೆ ಸೋತಿತು. ಇಷ್ಟೆಲ್ಲ ನಡೆಯುವಾಗ ಕೈಯಲ್ಲಿರುವ ಆಟಿಕೆಯೊಂದಿಗೆ ಆಡಬಾರದು ಎಂದು ತನ್ನನ್ನು ತಾನೇ ತಡೆದುಕೊಂಡೂ ಇರಬೇಕಿತ್ತು. ಯೋಜಿಸುವುದು, ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಆಸೆ ತಡೆಯುವುದು ಈ ಮೂರನ್ನೂ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತರ ವಯಸ್ಸು ದಾಟಬೇಕು. ಐದು ವರ್ಷದವನಲ್ಲಿ ಅದು ಇಲ್ಲವೆಂದಲ್ಲ, ಇದೆ, ಆದರೆ ಬೇಗ ದಣಿಯುತ್ತದೆ. ದಿನದ ಕೊನೆಯಲ್ಲಂತೂ ಬರಿದಾಗಿರುತ್ತದೆ. ನಾವು ಸರಿಯಾಗಿ ಅದೇ ಹೊತ್ತಿಗೆ, ಮಲಗುವ ಮುಂಚೆ, 'ಎಲ್ಲಾ ಎತ್ತಿಡು' ಅನ್ನುತ್ತೇವೆ.

ಈಗ ಶಾಲೆಯನ್ನು ನೆನೆಸಿಕೊಳ್ಳಿ. ಶೆಲ್ಫ್ ಅವನ ಎದೆಯ ಎತ್ತರಕ್ಕಿರುತ್ತದೆ, ಮುಚ್ಚಳವಿರುವುದಿಲ್ಲ. ಹೊರಗಿರುವ ಸಾಮಾನು ಕಡಿಮೆ, ಒಂದೊಂದಕ್ಕೂ ಬದಲಾಗದ ಜಾಗ. ಗಂಟೆ ಬಾರಿಸಿದಾಗ ಇಡೀ ತರಗತಿ ಒಟ್ಟಿಗೆ ಎತ್ತಿಡುತ್ತದೆ, ಟೀಚರ್ ಕೂಡ ಬಗ್ಗಿ ಕೈ ಹಾಕುತ್ತಾರೆ. ಈ ಏರ್ಪಾಡು ತಾನಾಗಿ ಹುಟ್ಟಿದ್ದಲ್ಲ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಶಿಶುಮನೆ ತೆರೆದಾಗ ಅಲ್ಲಿ ಸಾಮಗ್ರಿಗಳೆಲ್ಲ ಬೀಗ ಹಾಕಿದ ಬೀರುವಿನಲ್ಲಿರುತ್ತಿದ್ದವು, ಶಿಕ್ಷಕಿಯೇ ತೆಗೆದು ಹಂಚಬೇಕಿತ್ತು. ಒಂದು ದಿನ ಬೀಗ ಹಾಕುವುದು ಮರೆತುಹೋಯಿತು. ಶಿಕ್ಷಕಿ ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸೊರಿಗೆ ಮಕ್ಕಳು ಆರಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಬೀರು ಹೋಯಿತು, ತಗ್ಗಿನ ತೆರೆದ ಶೆಲ್ಫ್ ಬಂತು. ಮಕ್ಕಳು ಸಾಮಗ್ರಿಯನ್ನು ಇದ್ದಲ್ಲಿಗೇ ವಾಪಸು ಇಡಲು ತಾವೇ ಮುಂದಾಗುವುದನ್ನೂ ಅವರು ಗಮನಿಸಿದ್ದರು. ಆ ಪದ್ಧತಿಯ ಎಲ್ಲವನ್ನೂ ನಾನು ಒಪ್ಪುವವನಲ್ಲ. ಶೆಲ್ಫ್‌ನ ವಿಷಯದಲ್ಲಿ ಮಾತ್ರ ಮರುಮಾತಿಲ್ಲ.

ಹಾಗಾದರೆ ನಿಮ್ಮ 14 ಡಬ್ಬಗಳಲ್ಲಿ ಏನು ತಪ್ಪು? ಅವು ನೋಡುವ ಕಣ್ಣಿಗೆ ಮಾಡಿದವು, ಇಡುವ ಕೈಗೆ ಮಾಡಿದವಲ್ಲ. ಇಂಟರ್ನೆಟ್‌ನಲ್ಲಿ ಕಾಣುವ ಚಿತ್ರಗಳೆಲ್ಲ ಮಗು ಮನೆಯಲ್ಲಿಲ್ಲದಾಗ ತೆಗೆದವು. ಒಂದು ಸಣ್ಣ ಪರೀಕ್ಷೆ ಮಾಡಿ: ಅವನ ಎತ್ತರಕ್ಕೆ ಮಂಡಿಯೂರಿ, ಒಂದೇ ಕೈಯಲ್ಲಿ ಒಂದು ಕಾರನ್ನು ತೆಗೆದು ಮತ್ತೆ ಇಡಿ. ತೆಗೆಯಲು ಎಷ್ಟು ಹೆಜ್ಜೆ, ಇಡಲು ಎಷ್ಟು ಹೆಜ್ಜೆ ಎಣಿಸಿ. ತೆಗೆಯಲು ಯಾವಾಗಲೂ ಒಂದೇ ಹೆಜ್ಜೆ, ಏಕೆಂದರೆ ಬೋರಲು ಹಾಕಿದರೆ ಸಾಕು. ಇಡಲು ನಾಲ್ಕೈದಾದರೆ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ನನ್ನ ಸಲಹೆಗಳೆಲ್ಲ ಬಂದು ನಿಲ್ಲುವುದು ಇಲ್ಲಿಗೇ: ಇಡುವುದು ಒಂದೇ ಚಲನೆಯಲ್ಲಿ ಮುಗಿಯಬೇಕು. ದೂರದಿಂದ ಎಸೆದರೂ ಬೀಳುವಂತಿದ್ದರೆ ಇನ್ನೂ ಒಳ್ಳೆಯದು.

ಆದ್ದರಿಂದ ಮುಚ್ಚಳಗಳನ್ನು ತೆಗೆದು ಅಟ್ಟಕ್ಕೆ ಹಾಕಿ. 14 ಗುಂಪುಗಳನ್ನು ಐದಾರಕ್ಕೆ ಇಳಿಸಿ: ಉರುಳುವುದು, ಕಟ್ಟುವುದು, ಜೀವ ಇರುವುದು (ಗೊಂಬೆ, ಪ್ರಾಣಿ ಎಲ್ಲವೂ), ಮನೆಯಾಟದ ಸಾಮಾನು, ಮಿಕ್ಕಿದ್ದು. ಈ 'ಮಿಕ್ಕಿದ್ದು' ಬಹಳ ಮುಖ್ಯ. ಎಲ್ಲಿಗೆ ಸೇರಬೇಕೋ ತಿಳಿಯದ ಸಾಮಾನಿಗೆ ಒಂದು ಗೌರವದ ಜಾಗವಿದ್ದರೆ ಅದು ಸೋಫಾದ ಕೆಳಗೆ ಹೋಗುವುದಿಲ್ಲ. ಚಕ್ರವಿರುವ ಡೈನೋಸಾರ್ ಎಲ್ಲಿಗೆ ಸೇರಬೇಕೆಂದು ನಿಮ್ಮ ಮಗನನ್ನೇ ಕೇಳಿ. ಅವನು ಹೇಳಿದ್ದೇ ಅಂತಿಮ, ನಿಮಗೆ ತಪ್ಪೆನಿಸಿದರೂ. ಚೀಟಿಯ ಬದಲು ಆ ಬುಟ್ಟಿಯ ಸಾಮಾನಿನ ಫೋಟೊ ತೆಗೆದು ಅಂಟಿಸಿ. ಅವನಿಗೆ ಓದು ಬಂದರೂ ಮಗಳಿಗೆ ಬರುವುದಿಲ್ಲವಲ್ಲ.

ಈ ದಾರಿಯಲ್ಲಿ ನಷ್ಟವೂ ಇದೆ. ದೊಡ್ಡ ಗುಂಪು ಮಾಡಿದರೆ ಸಣ್ಣವು ಕಲಸಿಹೋಗುತ್ತವೆ. ಬಹುಪಾಲು ಆಟಿಕೆಗಳ ವಿಷಯದಲ್ಲಿ ಅದರಿಂದ ತೊಂದರೆಯಿಲ್ಲ. ಪಜಲ್‌ಗೆ ಮಾತ್ರ ಇದೆ, ಒಂದು ತುಂಡು ಕಳೆದರೆ ಇಡೀ ಪಜಲ್ ಸತ್ತಂತೆ. ಒಂದೊಂದು ಪಜಲನ್ನು ಒಂದೊಂದು ಜಿಪ್ ಚೀಲಕ್ಕೆ ಹಾಕಿ, ಪ್ರತಿ ತುಂಡಿನ ಹಿಂಬದಿಗೆ ಆ ಪಜಲಿನ ಗುರುತು ಬರೆಯಿರಿ. ಒಂದಕ್ಕೆ ನಕ್ಷತ್ರ, ಇನ್ನೊಂದಕ್ಕೆ ಗೀಟು. ಮೂರು ಪಜಲ್ ಕಲಸಿಹೋದರೂ ಹತ್ತು ನಿಮಿಷದಲ್ಲಿ ಬೇರೆಯಾಗುತ್ತವೆ. ಲೆಗೊ ತುಂಡುಗಳನ್ನು ಬಣ್ಣದ ಪ್ರಕಾರ ವಿಂಗಡಿಸಲು ಹೋಗಬೇಡಿ. ನೋಡಲು ಚೆಂದ, ಹುಡುಕಲು ಕಷ್ಟ: ಕೆಂಪು ರಾಶಿಯಲ್ಲಿ ಒಂದು ಸಣ್ಣ ಕೆಂಪು ತುಂಡನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ಲೆಗೊಗೆ ಡಬ್ಬಕ್ಕಿಂತ ಬಟ್ಟೆಯೇ ವಾಸಿ. ಒಂದು ಹಳೆಯ ದುಪ್ಪಟಿಯ ಮೇಲೆ ಮಾತ್ರ ಆಡುವುದು ಎಂದು ನಿಯಮ ಮಾಡಿ. ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಗಂಟು, ಗಂಟನ್ನು ಹಾಗೇ ಬುಟ್ಟಿಗೆ ಇಳಿಸಿದರೆ ಮುಗಿಯಿತು. ಇಬ್ಬರು ಹಿಡಿದು ಎತ್ತಬೇಕಾದ್ದರಿಂದ ಅವನಿಗೆ ಅದೇ ಒಂದು ಆಟವಾಗುತ್ತದೆ.

ಎಷ್ಟು ಆಟಿಕೆ ಇರಬೇಕು ಎಂಬುದಕ್ಕೆ ಜನ ಸಂಖ್ಯೆ ಕೇಳುತ್ತಾರೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನೀವು ಎಲ್ಲಾದರೂ ಓದಿರಬಹುದು. 18ರಿಂದ 30 ತಿಂಗಳ 36 ಮಕ್ಕಳನ್ನು ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಇರುವ ಕೋಣೆಯಲ್ಲಿ ಆಡಲು ಬಿಟ್ಟರು. 4 ಇದ್ದಾಗ ಮಕ್ಕಳು ಒಂದೊಂದರ ಜತೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು. ಇದು ನಾನು ಮನೆಗಳಲ್ಲಿ ಕಾಣುವುದಕ್ಕೂ ಹೊಂದುತ್ತದೆ. ಆದರೆ ಇದನ್ನೇ ಹಿಡಿದು 'ಮನೆಯಲ್ಲಿ ನಾಲ್ಕೇ ಆಟಿಕೆ ಸಾಕಂತೆ' ಅನ್ನುವವರಿದ್ದಾರೆ. ಅಧ್ಯಯನ ಹಾಗೆ ಹೇಳುವುದಿಲ್ಲ. ಒಂದು ಹೊತ್ತಿಗೆ ಕಣ್ಣೆದುರು ಎಷ್ಟಿರಬೇಕು ಎಂಬುದು ಒಂದು ಮಾತು, ಕಪಾಟಿನಲ್ಲಿ ಒಟ್ಟು ಎಷ್ಟಿರಬೇಕು ಎಂಬುದು ಬೇರೆ ಮಾತು. ಅಲ್ಲದೆ 50 ಮರದ ಬ್ಲಾಕ್‌ಗಳು ಸೇರಿ ಒಂದು ಆಟಿಕೆಯೋ, 50 ಆಟಿಕೆಯೋ?

ನಾನು ಸಂಖ್ಯೆಯ ಬದಲು ಗಡಿಯಾರ ನೋಡುತ್ತೇನೆ. ಹೊರಗಿರುವುದೆಲ್ಲ ನೆಲದ ಮೇಲೆ ಹರಡಿದ್ದರೂ ಮಗು ಮತ್ತು ಒಬ್ಬ ದೊಡ್ಡವರು ಸೇರಿ 10 ನಿಮಿಷದಲ್ಲಿ ಎತ್ತಿಡಲು ಆಗಬೇಕು. ಆಗುವುದಿಲ್ಲವೆಂದರೆ ಹೊರಗಿರುವುದು ಹೆಚ್ಚಾಯಿತು, ಅಷ್ಟೇ. ಮಗುವಿನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಹೆಚ್ಚಾದದ್ದನ್ನು ಕೊಟ್ಟುಬಿಡಬೇಕೆಂದಿಲ್ಲ, ಒಳಗಿಟ್ಟರೆ ಸಾಕು.

ಒಳಗಿಡುವ ಕ್ರಮ ಸುಲಭ. ಆಟಿಕೆಗಳನ್ನು ಮೂರು ಪಾಲು ಮಾಡಿ, ಒಂದು ಹೊರಗೆ, ಎರಡು ಕಣ್ಣಿಗೆ ಬೀಳದ ಕಡೆ. ಹೊರಗಿರುವುದರ ಮೇಲೆ ಆಸಕ್ತಿ ಇಳಿದಾಗ ಪಾಲು ಬದಲಿಸಿ. ಅದು ಎರಡು ವಾರವಾಗಬಹುದು, ಆರು ವಾರವೂ ಆಗಬಹುದು, ದಿನ ನಿಗದಿ ಮಾಡಿಕೊಂಡು ನಿಮ್ಮ ಹೆಗಲಿಗೆ ಇನ್ನೊಂದು ಕೆಲಸ ಏರಿಸಿಕೊಳ್ಳಬೇಡಿ. ಎರಡು ತಿಂಗಳು ಕಾಣದಿದ್ದ ಆಟಿಕೆ ಹೊರಬಂದಾಗ ಮಕ್ಕಳು ಹೊಸದು ಬಂದಂತೆ ಕುಣಿಯುತ್ತಾರೆ. ಬ್ಲಾಕ್ಸ್, ಗೊಂಬೆ, ಬಣ್ಣ ಕಾಗದದಂತಹ, ದಿನಕ್ಕೊಂದು ಆಟ ಕಟ್ಟಬಹುದಾದ ಸಾಮಾನುಗಳನ್ನು ಈ ಸರದಿಗೆ ಹಾಕಬೇಡಿ, ಅವು ಸದಾ ಹೊರಗಿರಲಿ. ಗುಂಡಿ ಒತ್ತಿದರೆ ಒಂದೇ ಹಾಡು ಹಾಡುವ ಆಟಿಕೆಗಳೇ ಸರದಿಗೆ ಹೇಳಿ ಮಾಡಿಸಿದವು (ನಿಮ್ಮ ತಲೆನೋವಿಗೂ ಅದು ಒಳ್ಳೆಯದು). ಮಲಗುವಾಗ ಹಿಡಿದುಕೊಳ್ಳುವ ಗೊಂಬೆ ಅಥವಾ ಬಟ್ಟೆ ಇದ್ದರೆ ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಈ ಕ್ರಮ ಕೆಡುವುದು ಒಂದೇ ಕಡೆ: ಒಳಗಿಡುವುದನ್ನು ಶಿಕ್ಷೆಯಾಗಿ ಬಳಸಿದಾಗ. 'ಎತ್ತಿಡಲಿಲ್ಲ ಅಲ್ವಾ, ಇದು ಇನ್ನು ಮೇಲಕ್ಕೆ ಹೋಯಿತು' ಅಂದ ದಿನವೇ ಅದು ಸರದಿಯಾಗಿ ಉಳಿಯುವುದಿಲ್ಲ, ಜಪ್ತಿಯಾಗುತ್ತದೆ. ಈಗಾಗಲೇ ದಿಂಬಿನ ಕೆಳಗೆ ಬಚ್ಚಿಡುತ್ತಿರುವ ಮಗುವಿನ ಮುಂದೆ ಆ ಮಾತು ಖಂಡಿತ ಬೇಡ. ನಿಮ್ಮ ಗಂಡ ಹೇಳುವ 'ಇನ್ನೂ ಅರ್ಧ ತೆಗೆದುಹಾಕು' ಎಂಬುದರಲ್ಲಿ ಅರ್ಧ ಸರಿಯಿದೆ: ಕಣ್ಣಿನ ಮುಂದಿನಿಂದ ತೆಗೆಯಿರಿ, ಮನೆಯಿಂದ ಸದ್ಯಕ್ಕೆ ಬೇಡ.

ಅತ್ತೆಯ ಮಾತಿನಲ್ಲೂ ಹುರುಳಿದೆ. ಆಟದ ನಡುವೆ ಹರಡಿಕೊಂಡಿರುವುದು ಕೊಳಕಲ್ಲ, ಅದೇ ಆಟ. ಐದು ವರ್ಷದವನು ಹಾಲ್‌ನ ಈ ಗೋಡೆಯಿಂದ ಆ ಗೋಡೆವರೆಗೆ ರಸ್ತೆ ಕಟ್ಟಿದ್ದರೆ ಅದರ ಮೇಲೆ 'ಎತ್ತಿಡು' ಎಂಬ ಮಾತು ಹಾಕಬೇಡಿ. ನಾಳೆಗೆ ಉಳಿಸಿಕೊಳ್ಳಬೇಕೆಂದು ಕೇಳಿದರೆ ಒಂದು ಮೂಲೆ ಅಥವಾ ಒಂದು ದೊಡ್ಡ ತಟ್ಟೆ ಅದಕ್ಕೆಂದೇ ಇರಲಿ. ಮಗಳ ವಿಷಯದಲ್ಲಂತೂ ಅವರು ಹೇಳುವುದು ನೂರಕ್ಕೆ ನೂರು ಸರಿ. ಒಂದೂವರೆ ವರ್ಷದ ಮಗು ಬುಟ್ಟಿ ಬೋರಲು ಹಾಕುವುದು ಹಠದಿಂದಲ್ಲ. ಒಳಗಿರುವುದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುತ್ತದೆ, ಸದ್ದಾಗುತ್ತದೆ: ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ವಿಜ್ಞಾನವಿಲ್ಲ. ಅವಳಿಗೆಂದೇ ಒಂದು ಬೋರಲು ಬುಟ್ಟಿ ಕೊಡಿ, ಒಳಗೆ ಹತ್ತು ಹನ್ನೆರಡು ದೊಡ್ಡ ಸಾಮಾನು. ಆ ಬುಟ್ಟಿ ನೆಲಕ್ಕೆ ಹತ್ತಿರವಿರಲಿ, ಅಣ್ಣನ ಬುಟ್ಟಿಗಳು ಒಂದು ಶೆಲ್ಫ್ ಮೇಲಿರಲಿ.

ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಎದೆ ಧಸಕ್ಕೆಂದದ್ದು ಚೆಲ್ಲಾಪಿಲ್ಲಿಗೆ ಅಲ್ಲ. ಲೆಗೊ ಮತ್ತು ಒಂದೂವರೆ ವರ್ಷದ ಮಗು ಒಂದೇ ನೆಲದ ಮೇಲಿರುವುದಕ್ಕೆ. 3 ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ ಸುಮಾರು 32 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಉಸಿರು ಕಟ್ಟಿಸಬಲ್ಲದು. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಸಾಕು. ಅದು ತುಸು ಅಗಲವಾದ್ದರಿಂದ ಇನ್ನೂ ಕ್ಷೇಮ. ಅದರಲ್ಲಿ ಇಳಿಯುವುದೆಲ್ಲ ಅಣ್ಣನ ಪಾಲಿಗೆ, ಮೇಲಿನ ಶೆಲ್ಫಿಗೆ. ಅವನು ಲೆಗೊವನ್ನು ಮೇಜಿನ ಮೇಲೆ ಇಟ್ಟುಕೊಂಡು ಆಡಲಿ, ಅಥವಾ ಮಗಳಿಗೆಂದು ತಂದ ಮಡಿಸುವ ಬೇಲಿ ಇದ್ದರೆ ಅದರೊಳಗೆ ದುಪ್ಪಟಿ ಹಾಸಿಕೊಂಡು ಅಣ್ಣ ಕೂರಲಿ. ತಂಗಿ ಹೊರಗೆ ಓಡಾಡಿಕೊಂಡಿರಲಿ. ಎಷ್ಟೋ ಮನೆಗಳಲ್ಲಿ ಈ ಅದಲುಬದಲು ಜಗಳವನ್ನೇ ನಿಲ್ಲಿಸಿದೆ, ಏಕೆಂದರೆ ಅಣ್ಣನ ಅರ್ಧ ಸಿಟ್ಟು ತಂಗಿ ಬಂದು ಬೀಳಿಸುತ್ತಾಳೆ ಎಂಬುದಕ್ಕೆ.

ಹಾಡುವ, ಮಿನುಗುವ ಆಟಿಕೆಗಳ ಬ್ಯಾಟರಿ ಮುಚ್ಚಳ ಸ್ಕ್ರೂನಿಂದ ಬಿಗಿಯಾಗಿದೆಯೇ ನೋಡಿ. ನಾಣ್ಯದಂತಹ ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನವಿದ್ದರೂ ಸಾಕು, ಕಾದು ನೋಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬಲವಾದ ಸಣ್ಣ ಆಯಸ್ಕಾಂತಗಳೂ ಹಾಗೇ. ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಎರಡು ಮಡಿಕೆಗಳ ಆಚೆ ಈಚೆಯಿಂದ ಒಂದನ್ನೊಂದು ಸೆಳೆದು ತೂತು ಮಾಡುತ್ತವೆ. ಇವೆರಡಕ್ಕೂ ಮನೆಯಲ್ಲಿ ಜಾಗವೇ ಬೇಡ ಎಂಬುದು ನನ್ನ ಅಭಿಪ್ರಾಯ.

ನೀವು ಮೊದಲು ತಂದ ಆ ದೊಡ್ಡ ಪೆಟ್ಟಿಗೆ ಇನ್ನೂ ಇದೆಯೆ? ಇದ್ದರೆ ಮುಚ್ಚಳವನ್ನು ಅರ್ಧ ಎತ್ತಿ ಕೈ ಬಿಡಿ. ನಿಂತಲ್ಲೇ ನಿಲ್ಲದೆ ಧಡ್ಡನೆ ಬಿದ್ದರೆ ಆ ಮುಚ್ಚಳವನ್ನು ಇವತ್ತೇ ಕಿತ್ತುಹಾಕಿ. ಒಳಗೆ ಬಗ್ಗಿದ ಮಗುವಿನ ಕತ್ತಿನ ಮೇಲೆ ಬೀಳುವುದು ಅದೇ. ಒಳಗೆ ಹೋಗಿ ಅಡಗಿಕೊಳ್ಳುವ ಮಕ್ಕಳೂ ಇದ್ದಾರೆ, ಗಾಳಿಯಾಡಲು ತೂತಿಲ್ಲದಿದ್ದರೆ ಉಸಿರುಕಟ್ಟುತ್ತದೆ. ಮುಚ್ಚಳ ತೆಗೆದ ಪೆಟ್ಟಿಗೆ ಚೆಂಡು, ದೊಡ್ಡ ಬಟ್ಟೆಯ ಗೊಂಬೆಗಳಿಗೆ ಚೆನ್ನಾಗಿ ಒದಗುತ್ತದೆ. ಶೆಲ್ಫ್ ತಗ್ಗಿನದಾದರೂ ಹಿಂಬದಿಯಿಂದ ಗೋಡೆಗೆ ಬಿಗಿಸಿ. ಮಕ್ಕಳು ಅದನ್ನು ಏಣಿ ಎಂದೇ ತಿಳಿಯುತ್ತಾರೆ. ಒಳಗಿಟ್ಟ ಪಾಲನ್ನು ಎತ್ತರದ ಬೀರುವಿನ ಮೇಲೆ ಕಾಣುವಂತೆ ಇಡಬೇಡಿ, ಕಂಡದ್ದನ್ನು ಹತ್ತಿ ತೆಗೆಯಲು ನೋಡುತ್ತಾರೆ.

ಸ್ಟಿಕ್ಕರ್ ವಿಷಯ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಅಪರಿಚಿತ ದೊಡ್ಡವರೊಬ್ಬರು ಏನನ್ನೋ ಕೈಜಾರಿ ಬೀಳಿಸಿ ಎಟುಕದೆ ಒದ್ದಾಡಿದಾಗ 18 ತಿಂಗಳ ಮಕ್ಕಳು ಯಾರೂ ಹೇಳದೆಯೇ ಹೋಗಿ ಎತ್ತಿಕೊಟ್ಟವು. ಅಂದರೆ ನಿಮ್ಮ ಮಗಳ ವಯಸ್ಸಿಗೇ ಕೈ ಜೋಡಿಸುವ ಆಸೆ ಇರುತ್ತದೆ. 2008ರಲ್ಲಿ ಅದೇ ಇಬ್ಬರು 20 ತಿಂಗಳ ಮಕ್ಕಳೊಂದಿಗೆ ಮುಂದುವರಿಸಿದರು. ಸಹಾಯ ಮಾಡಿದಾಗಲೆಲ್ಲ ವಸ್ತುರೂಪದ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ, ಏನೂ ಪಡೆಯದವರಿಗಿಂತ ಕಡಿಮೆ ಸಹಾಯ ಮಾಡಿದವು. ನಿಮ್ಮ ಮಗ ಅವರಿಗಿಂತ ದೊಡ್ಡವನು, ಹಾಗಾಗಿ ಒಂದೆರಡು ವಾರ ಸ್ಟಿಕ್ಕರ್ ಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ನಾನು ಕೊಡುವುದಿಲ್ಲ. ಮೂರನೇ ವಾರ 'ಇವತ್ತು ಎಷ್ಟು ಸ್ಟಿಕ್ಕರ್ ಕೊಡ್ತೀಯಾ?' ಎಂದು ಚೌಕಾಸಿ ಶುರುವಾಗುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ.

ಬದಲಿಗೆ ಹೊತ್ತು ಮತ್ತು ಮಾತು ಎರಡನ್ನೂ ಬದಲಿಸಿ. ಎತ್ತಿಡುವುದು ಮಲಗುವ ಮುಂಚೆ ಬೇಡ, ರಾತ್ರಿ ಊಟಕ್ಕೆ ಮುಂಚೆ ಇರಲಿ. ಆಗ ಮಗುವಿನಲ್ಲಿ ಇನ್ನೂ ತ್ರಾಣವಿರುತ್ತದೆ, ಮುಂದೆ ಊಟವೆಂಬ ಕಾರಣವೂ ಇರುತ್ತದೆ. 'ಎಲ್ಲಾ ಎತ್ತಿಡು' ಎಂಬ ಮಾತನ್ನು ಬಿಟ್ಟುಬಿಡಿ, ಆ 'ಎಲ್ಲಾ' ಐದು ವರ್ಷದವನಿಗೆ ಬೆಟ್ಟದಂತೆ ಕಾಣುತ್ತದೆ. 'ಉರುಳುವುದೆಲ್ಲ ನಿಂದು, ಗೊಂಬೆಗಳೆಲ್ಲ ನಂದು' ಅಂದು ನೀವೂ ನೆಲಕ್ಕೆ ಕೂರಿ. ಮಗಳ ಕೈಗೆ ಒಂದು ಖಾಲಿ ಬುಟ್ಟಿ ಕೊಟ್ಟರೆ ಅವಳು ತುಂಬುತ್ತಾಳೆ, ಮರುಕ್ಷಣ ಬೋರಲೂ ಹಾಕುತ್ತಾಳೆ, ಹಾಕಲಿ. ಶಾಲೆಯಲ್ಲಿ ಹಾಡುವ ಹಾಡು ಏನಾದರೂ ಇದೆಯೇ ಎಂದು ಟೀಚರನ್ನು ಕೇಳಿ, ಅದನ್ನೇ ಮನೆಗೂ ತನ್ನಿ. ನೀವು ಜತೆಗೂಡುವುದನ್ನು ಸೋಲು ಎಂದು ತಿಳಿಯಬೇಡಿ. ಪೂರ್ತಿ ಒಂಟಿಯಾಗಿ, ಹೇಳಿಸಿಕೊಳ್ಳದೆ ಎತ್ತಿಡುವ ಐದು ವರ್ಷದ ಮಕ್ಕಳನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ಏಳೆಂಟು ವರ್ಷಕ್ಕೆ ಆ ನಿರೀಕ್ಷೆ ನ್ಯಾಯ. ಕೆಲವು ಸಂಜೆ ಏನು ಮಾಡಿದರೂ ಆಗುವುದಿಲ್ಲ, ಆಗ ಕಾಲುದಾರಿಯಷ್ಟು ಜಾಗ ಸರಿಸಿಕೊಂಡು ಮಲಗಿ.

ಇನ್ನು ಹಳದಿ ಲಾರಿ. ಬಿಸಿಯಾದ ತಲೆಯಲ್ಲಿ ಕೊಟ್ಟುಬಿಟ್ಟಿರಿ, ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ದೊಡ್ಡವರು ಆಟಿಕೆಯನ್ನು ನೋಡುವಾಗ 'ಇದು ಸರಿಯಾಗಿದೆಯೇ' ಅಂತ ನೋಡುತ್ತಾರೆ. ಮಗು ಆ ಲಾರಿಯಲ್ಲಿ ನೋಡುವುದು ತಾನು ಅದರ ಜತೆ ಕಳೆದ ದಿನಗಳನ್ನು. ಚಕ್ರ ಕಿತ್ತುಹೋದ ಮೇಲೆ ಆ ಲಾರಿಗೆ ಬಹುಶಃ ಒಂದು ಕಥೆಯೂ ಸೇರಿಕೊಂಡಿತ್ತು, ಅಪಘಾತವೋ, ಆಸ್ಪತ್ರೆಯೋ. ಹಾಗಾಗಿ ಯಾವುದನ್ನು ಕೊಡಬಹುದು ಎಂದು ನಮ್ಮ ಅಂದಾಜಿನಲ್ಲಿ ಆರಿಸಿದರೆ ತಪ್ಪಾಗುವ ಸಂಭವವೇ ಹೆಚ್ಚು. ಮುಂದೆ ಕೊಡುವುದಿದ್ದರೆ ಅವನನ್ನು ಕೂರಿಸಿಕೊಂಡು ಕೊಡಿ. ಅವನು ಒಂದೇ ಒಂದನ್ನು ಕೊಟ್ಟರೂ ಸರಿ. ನಿರ್ಧರಿಸಲಾಗದ್ದಕ್ಕೆ ಒಂದು ಪೆಟ್ಟಿಗೆ ಮಾಡಿ, ಮೇಲೆ ತಾರೀಖು ಬರೆಯಿರಿ. ಮೂರು ತಿಂಗಳು ಯಾರೂ ಅದನ್ನು ಕೇಳದಿದ್ದರೆ ಮತ್ತೊಮ್ಮೆ ಅವನನ್ನೇ ಕೇಳಿ. ನಿಧಾನವಾಗುತ್ತದೆ, ಗೊತ್ತು.

ದಿಂಬಿನ ಕೆಳಗಿನ ರಾಶಿಯನ್ನು ಸದ್ಯ ಮುಟ್ಟಬೇಡಿ. ಅದು ಕಾಯಿಲೆಯಲ್ಲ, ತಾನಿಲ್ಲದಾಗ ಸಾಮಾನು ಮಾಯವಾಗುತ್ತದೆ ಎಂಬ ಅನುಭವಕ್ಕೆ ಅವನು ಕಂಡುಕೊಂಡ ಉಪಾಯ. ಒಂದು ಸಣ್ಣ ಪೆಟ್ಟಿಗೆ ಕೊಟ್ಟು 'ಇದರಲ್ಲಿಟ್ಟದ್ದನ್ನು ನಾನು, ಅಪ್ಪ, ತಂಗಿ ಯಾರೂ ಮುಟ್ಟಲ್ಲ' ಅಂತ ಹೇಳಿ, ಹಾಗೇ ನಡೆದುಕೊಳ್ಳಿ. ಅದನ್ನು ತಂಗಿಗೆ ಎಟುಕದ ಕಡೆ ಇಡುವುದು ನಿಮ್ಮ ಜವಾಬ್ದಾರಿ. ಕೆಲವು ವಾರಗಳಲ್ಲಿ ದಿಂಬು ಖಾಲಿಯಾಗುತ್ತದೆ. ಹಾಗಾಗದೆ, ನಿದ್ದೆ ಕೆಟ್ಟು, ಶಾಲೆಗೆ ಹೋಗಲೂ ಹೆದರತೊಡಗಿದರೆ ಮಾತ್ರ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

'ಕಳೆದುಹೋಗಿರಬೇಕು' ಎಂದದ್ದನ್ನು ಸರಿಪಡಿಸಿ. ಐದು ವರ್ಷದವನಿಗೆ ಉದ್ದದ ವಿವರಣೆ ಬೇಡ. 'ಲಾರಿ ಕಳೆದುಹೋಗಲಿಲ್ಲ, ನಾನೇ ಕೊಟ್ಟುಬಿಟ್ಟೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪಾಯಿತು' ಅಷ್ಟು ಸಾಕು. ಅವನು ಮತ್ತೆ ಅಳಬಹುದು, ನಿಮ್ಮ ಮೇಲೆ ಸಿಟ್ಟಾಗಬಹುದು. ಅಳಲಿ ಬಿಡಿ, ಎದುರಿಗೆ ಒಬ್ಬರಿರುವಾಗ ಅಳುವುದು ದಿಂಬಿನಲ್ಲಿ ಅಳುವುದಕ್ಕಿಂತ ಮೇಲು. ಆದರೆ ಅದಕ್ಕೂ ಮುಂಚೆ, ಕೊಟ್ಟವರಿಗೆ ಒಂದು ಫೋನ್ ಮಾಡಿ ನೋಡಿ. ಚಕ್ರವಿಲ್ಲದ ಲಾರಿ ಆ ಮನೆಯಲ್ಲಿ ಯಾರಿಗೂ ಬೇಡವಾಗಿ ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಬಿದ್ದಿರಬಹುದು.